‘ಇಲ್ಲ’ ಅಂತ ಟಿಕ್ ಮಾಡಿಬಿಡಿ ಮೇಡಂ

ಫಿಟ್ಸ್ ನಿಂತು ವರ್ಷಗಳಾದವರಿಗೂ ಡ್ರೈವಿಂಗ್ ಲೈಸೆನ್ಸ್ ಸಿಗುವ ಹಾಗೆ ಮಾಡಿ ಅಂತ ಕಳೆದ ವಾರ ದೆಹಲಿಗೆ ಕಳಿಸಿದ್ದ ಸ್ಪೀಡ್ ಪೋಸ್ಟ್ ತಲುಪಿತು ಅಂತ ಮೊಬೈಲಿಗೆ ಮೆಸೇಜ್ ಬಂತು. ಎರಡು ವರ್ಷ ಒಂಬತ್ತು ತಿಂಗಳು ಎಳೆದ ಕೆಲಸದಲ್ಲಿ ನನ್ನ ಪಾಲು ಅಲ್ಲಿಗೆ ಮುಗಿಯಿತು. ಕಾನೂನು ಬದಲಾಯಿತಾ ಅಂತ ಕೇಳಬೇಡಿ, ಆಗಿಲ್ಲ. ಆದರೆ ನಾನು ಹೊಡೆದ ಸುತ್ತುಗಳಲ್ಲಿ ಅರ್ಧಕ್ಕರ್ಧ ಬೇಕಾಗಿಯೇ ಇರಲಿಲ್ಲ. ಹಿಂದೆ ಬರುವವರಿಗೆ ಅಷ್ಟಾದರೂ ಉಳಿಯಲಿ ಅಂತ ಕೂತು ಬರೆಯುತ್ತಿದ್ದೇನೆ.

ನನಗೆ ಹದಿಮೂರನೇ ವಯಸ್ಸಿಗೆ ಫಿಟ್ಸ್ ಶುರುವಾಗಿತ್ತು. ಕೊನೆಯದ್ದು ಬಂದಿದ್ದು ಹತ್ತೊಂಬತ್ತಕ್ಕೆ. ಇಪ್ಪತ್ತಮೂರಕ್ಕೆ ಡಾಕ್ಟರು ಮಾತ್ರೆಯನ್ನೂ ನಿಲ್ಲಿಸಿದರು. 2022ರ ಡಿಸೆಂಬರ್‌ನಲ್ಲಿ, ವಯಸ್ಸು ಮೂವತ್ತಮೂರು ಆಗಿದ್ದಾಗ, ಸ್ಕೂಟರ್ ಕಲಿಯೋಣ ಅಂತ ಲರ್ನರ್ ಲೈಸೆನ್ಸ್, ಅಂದರೆ ಎಲ್‌ಎಲ್‌ಗೆ ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಹೋದೆ. ಹೆಸರು, ವಿಳಾಸ, ರಕ್ತದ ಗುಂಪು ಎಲ್ಲ ತುಂಬಿ ಆಯಿತು. ಆಮೇಲೆ ಆರೋಗ್ಯದ ಬಗ್ಗೆ ಸ್ವಯಂ ಘೋಷಣೆ. ಅದಕ್ಕೆ ನಮೂನೆ 1 ಅನ್ನುತ್ತಾರೆ. ಮೊದಲ ಪ್ರಶ್ನೆಯೇ ಅದು: ನಿಮಗೆ ಅಪಸ್ಮಾರ (ಫಿಟ್ಸ್) ಇದೆಯೇ, ಅಥವಾ ಯಾವುದೇ ಕಾರಣಕ್ಕೆ ದಿಢೀರನೆ ಪ್ರಜ್ಞೆ ತಪ್ಪುವುದು, ತಲೆ ಸುತ್ತುವುದು ಇದೆಯೇ?

‘ಇದೆಯೇ’ ಅಂದರೆ ಈಗ ಇದೆಯೇ ಅಂತಲೋ, ಎಂದಾದರೂ ಇತ್ತೇ ಅಂತಲೋ? ನಾನು ಪರದೆ ನೋಡುತ್ತಾ ಕೂತೇ ಇದ್ದೆ. ಸೈಬರಿನ ಹುಡುಗನಿಗೆ ಹಿಂದೆ ನಾಲ್ಕು ಜನ ಕಾಯುತ್ತಿದ್ದರು. “‘ಇಲ್ಲ’ ಅಂತ ಟಿಕ್ ಮಾಡಿಬಿಡಿ ಮೇಡಂ, ಎಲ್ಲರೂ ಹಂಗೇ ಮಾಡೋದು” ಅಂದ. ಮೇಲಿನ ವಿವರವೆಲ್ಲ ನಿಜ ಅಂತ ಕೆಳಗೆ ನಾನೇ ಸಹಿ ಹಾಕಬೇಕಲ್ಲ. ‘ಹೌದು’ ಒತ್ತಿದೆ.

ಆರ್‌ಟಿಓ ಕಚೇರಿಯಲ್ಲಿ ಗುಮಾಸ್ತರು ಅರ್ಜಿ ನೋಡಿದರು, ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. “ಇದಕ್ಕೆ ಆಗಲ್ಲಮ್ಮ.” ಹದಿನಾಲ್ಕು ವರ್ಷದಿಂದ ಒಂದು ಸಲವೂ ಬಂದಿಲ್ಲ ಅಂದೆ. “ಎಷ್ಟು ವರ್ಷ ಆದ್ರೆ ಕೊಡಬಹುದು ಅಂತ ನಮಗೆ ಎಲ್ಲೂ ಬರೆದಿಲ್ಲ. ನಾನು ಕೊಟ್ಟು ನಾಳೆ ಏನಾದ್ರೂ ಆದ್ರೆ?” ಒರಟಾಗಿ ಮಾತಾಡಲಿಲ್ಲ ಅವರು. ಕೂರಲು ಕುರ್ಚಿಯನ್ನೂ ಕೊಟ್ಟರು. ಅರ್ಜಿಯನ್ನೂ ಕೈಗೆ ವಾಪಸ್ ಕೊಟ್ಟರು.

ನಾನು ಮಾಡಿದ ಮೊದಲ ತಪ್ಪು ಇದೇ, ಬಾಯಿಮಾತಿನ ‘ಆಗಲ್ಲ’ ತಗೊಂಡು ಮನೆಗೆ ಬಂದೆ. ಲೈಸೆನ್ಸ್ ನಿರಾಕರಿಸಿದರೆ 30 ದಿನದ ಒಳಗೆ ಮೇಲ್ಮನವಿ ಹಾಕಲು ಮೋಟಾರು ವಾಹನ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಆದರೆ ಕಾಗದದ ಮೇಲೆ ಆದೇಶವೇ ಇಲ್ಲದೆ ಯಾವುದರ ಮೇಲೆ ಮೇಲ್ಮನವಿ? ಯಾವ ಕಚೇರಿಯೇ ಆಗಲಿ ಇಲ್ಲ ಅಂದರೆ, ‘ಇಲ್ಲ’ ಅಂತ ಬರೆದು, ಯಾವ ಸೆಕ್ಷನ್ ಪ್ರಕಾರ ಅಂತ ನಮೂದಿಸಿ ಕೊಡಿ ಅಂತ ಕೇಳಿ. ಕೊಡದಿದ್ದರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖಾದರೂ ಹಾಕಿಸಿಕೊಳ್ಳಿ.

ಮನೆಗೆ ಬಂದ ರಾತ್ರಿ ಸಿಟ್ಟು. ಒಂದು ವಾರ ಕಳೆದ ಮೇಲೆ ಹಟ. ಈ ಕಾನೂನನ್ನೇ ಬದಲಾಯಿಸಬೇಕು ಅಂತ ತಮ್ಮನಿಗೆ ಹೇಳಿದೆ. “ಮೊದಲು ಅದು ಎಲ್ಲಿದೆ ಅಂತ ಹುಡುಕಕ್ಕಾ” ಅಂದ. ಅವನು ತಮಾಷೆಗೆ ಅಂದಿದ್ದು. ಆದರೆ ಇಡೀ ಕೆಲಸದ ಅರ್ಧ ಅದರಲ್ಲೇ ಇತ್ತು.

ಕೇಂದ್ರದ ಕಾಯ್ದೆಗಳೆಲ್ಲ ಇಂಡಿಯಾ ಕೋಡ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. 1988ರ ಮೋಟಾರು ವಾಹನ ಕಾಯ್ದೆಯನ್ನು ಇಳಿಸಿಕೊಂಡು ಒಂದು ತಿಂಗಳು ಓದಿದೆ. ಅದರಲ್ಲಿ ಅಪಸ್ಮಾರ ಅನ್ನುವ ಪದವೇ ಕಾಣಲಿಲ್ಲ. ವಾಹನ ಓಡಿಸಿದರೆ ಸಾರ್ವಜನಿಕರಿಗೆ ಅಪಾಯ ಆಗಬಹುದಾದ ಕಾಯಿಲೆ ಇದ್ದರೆ ಲೈಸೆನ್ಸ್ ಕೊಡಬಾರದು ಅಂತ 8ನೇ ಸೆಕ್ಷನ್ ಹೇಳುತ್ತದೆ, ಅಷ್ಟೇ. ಪದ ಇರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ. ಅದೂ ನಿಯಮದ ಒಳಗಲ್ಲ, ಹಿಂದೆ ಅಂಟಿಸಿದ ನಮೂನೆಯಲ್ಲಿ. ‘ಹೌದು’ ಅಂದವರು ಪೂರ್ತಿ ವಿವರ ಕೊಡಬೇಕು ಅಂತ ಅಲ್ಲೇ ಒಂದು ಸಣ್ಣ ಟಿಪ್ಪಣಿಯೂ ಇದೆ. ವಿವರ ಕೊಟ್ಟ ಮೇಲೆ ಅದನ್ನು ಯಾವ ಅಳತೆಯಲ್ಲಿ ತೂಗಬೇಕು ಅನ್ನುವುದು ಮಾತ್ರ ಇಲ್ಲ. ಗುಮಾಸ್ತರು ಹೇಳಿದ್ದು ಸರಿಯಾಗಿಯೇ ಇತ್ತು.

ಇನ್ನೂ ಹಿಂದಕ್ಕೆ ಹೋದೆ. 1939ರ ಹಳೇ ಮೋಟಾರು ವಾಹನ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಲೈಸೆನ್ಸಿಗೆ ಯಾವತ್ತೂ ಅರ್ಹರಲ್ಲದವರ ಕಾಯಿಲೆ ಪಟ್ಟಿ ಇತ್ತು. ಮೊದಲನೆಯದು ಅಪಸ್ಮಾರ, ಎರಡನೆಯದು ಹುಚ್ಚು. ಆ ಕಾಯ್ದೆ ಹೋಯಿತು. ಅದರ ನೆರಳು ಮಾತ್ರ ಕೌಂಟರಿನ ಹಿಂದೆ ಇನ್ನೂ ಕೂತಿದೆ ಅನ್ನಿಸಿತು.

ನೀವು ಯಾವ ಕಾನೂನಿನ ಹಿಂದೆ ಬಿದ್ದಿದ್ದರೂ ಇದನ್ನು ಮೊದಲು ಮಾಡಿ. ನಿಮಗೆ ತೊಡಕಾಗಿರುವ ಆ ಒಂದು ಸಾಲು ಕಾಯ್ದೆಯಲ್ಲಿದೆಯಾ, ನಿಯಮದಲ್ಲಿದೆಯಾ, ಸುತ್ತೋಲೆಯಲ್ಲಿದೆಯಾ ಅಂತ ನೋಡಿ. ಕಾಯ್ದೆಯಲ್ಲಿದ್ದರೆ ಸಂಸತ್ತು ಅಥವಾ ವಿಧಾನಮಂಡಲವೇ ಬದಲಾಯಿಸಬೇಕು. ನಿಯಮದಲ್ಲಿದ್ದರೆ ಸಂಬಂಧಪಟ್ಟ ಸಚಿವಾಲಯ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿ ಬದಲಾಯಿಸಬಹುದು, ಮಸೂದೆ ಬೇಕಿಲ್ಲ. ಸುತ್ತೋಲೆಯಾದರೆ ಒಬ್ಬ ಅಧಿಕಾರಿಯ ಸಹಿ ಸಾಕು. ನಾನು ಬೆಟ್ಟ ಅಗೆಯಬೇಕು ಅಂತ ಹೊರಟಿದ್ದೆ, ನೋಡಿದರೆ ಅದು ಒಂದು ಫಾರಂ.

ಕೇಂದ್ರವೋ ರಾಜ್ಯವೋ ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ. ನಾನು ನೋಡಲಿಲ್ಲ. ನಮ್ಮ ಶಾಸಕರ ಮನೆಗೆ ಮೂರು ಸಲ ಅಲೆದ ಮೇಲೆ ಅವರ ಸಹಾಯಕರು “ಇದು ಕೇಂದ್ರದ್ದಮ್ಮ” ಅಂದರು. ಮೋಟಾರು ವಾಹನ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಇಬ್ಬರಿಗೂ ಅಧಿಕಾರ ಇದೆ. ಆದರೆ ಈ ಲೈಸೆನ್ಸ್ ನಮೂನೆಗಳನ್ನು ಮಾಡಿದ್ದು ಕೇಂದ್ರ ಸರ್ಕಾರ. ಅಲ್ಲಿಗೆ ನಾಲ್ಕು ತಿಂಗಳು ನೀರಲ್ಲಿ ಹೋಯಿತು. ಆ ಹೊತ್ತಿಗೆ ಶಕ್ತಿ ಯೋಜನೆಯೂ ಬಂದಿತ್ತು. ದೊಡ್ಡಮ್ಮ “ಬಸ್ಸೇ ಫ್ರೀ ಇದೆಯಲ್ಲ, ಇನ್ನೇನು ಸ್ಕೂಟರು” ಅಂದರು. ನಮ್ಮೂರಿಗೆ ಸಂಜೆ ಆರೂವರೆ ಬಸ್ಸು ತಪ್ಪಿದರೆ ಮುಂದಿನದು ಎಂಟೂಕಾಲಿಗೆ. ಫ್ರೀ ಆದರೂ ಎಂಟೂಕಾಲೇ.

ಹುಡುಕುವಾಗ ಸಿಕ್ಕಿದ ಎರಡು ವಿಷಯ ನನಗೆ ಧೈರ್ಯ ಕೊಟ್ಟವು. 2020ರ ಜೂನ್‌ನಲ್ಲಿ ಇದೇ ನಮೂನೆಗಳನ್ನು ತಿದ್ದಿ, ಬಣ್ಣಗುರುಡು ಸ್ವಲ್ಪ ಅಥವಾ ಮಧ್ಯಮ ಮಟ್ಟದಲ್ಲಿ ಇರುವವರಿಗೂ ಲೈಸೆನ್ಸ್ ಸಿಗುವಂತೆ ಮಾಡಿದ್ದಾರೆ. ಫಾರಂ ತಿದ್ದುವುದು ಸಾಧ್ಯ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಎರಡನೆಯದು ನನ್ನ ಮನೆಗೇ ಸಂಬಂಧಪಟ್ಟಿದ್ದು. ಹಿಂದೂ ವಿವಾಹ ಕಾಯ್ದೆಯಲ್ಲಿ, ಅಪಸ್ಮಾರ ಪದೇ ಪದೇ ಬರುವವರು ಮದುವೆಗೆ ಅರ್ಹರಲ್ಲ ಅಂತ ಇತ್ತು. ಆ ಪದವನ್ನು ತೆಗೆದಿದ್ದು 1999ರಲ್ಲಿ.

ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಂತಿತು. ನನ್ನ ಮದುವೆ ಮಾತುಕತೆಯಲ್ಲಿ ಅಮ್ಮ ಈ ವಿಷಯ ಬಾಯಿಬಿಡದಂತೆ ಎಲ್ಲರಿಗೂ ಆಣೆ ಹಾಕಿಸಿದ್ದರು. ಕೊನೆಗೆ ನಾನೇ ಹುಡುಗನಿಗೆ ಹೇಳಿದೆ, ಸಂಬಂಧ ಮುರಿಯಿತು. ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದರು ಅಮ್ಮ. “ಕಾನೂನು ಪ್ರಕಾರ ಮದುವೆ ಊರ್ಜಿತ ಆಗಲ್ಲ ಅಂತ ನಿಮ್ಮ ಮಾವ ಹೆದರಿಸಿದ್ದ ಕಣೇ. ತೆಗೆದುಹಾಕಿದ್ರಾ ಅದನ್ನ?” ತೆಗೆದುಹಾಕಿ ಆಗಲೇ ಹತ್ತಾರು ವರ್ಷ ಆಗಿತ್ತು ಆ ಮಾತುಕತೆ ಹೊತ್ತಿಗೆ. ನಮ್ಮ ಮನೆಗೆ ಯಾರೂ ಹೇಳಿರಲಿಲ್ಲ.

ಮುಂದಿನದು ಆರ್‌ಟಿಐ. ಇಲ್ಲಿ ಎರಡು ಸಲ ಎಡವಿದೆ. ಮೊದಲ ಅರ್ಜಿಯನ್ನು ರಾಜ್ಯದ ಕಚೇರಿಯೊಂದಕ್ಕೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ ಕಳಿಸಿದೆ. ಎರಡೂವರೆ ಪುಟ. ಕರ್ನಾಟಕದ ಆರ್‌ಟಿಐ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ವಾಪಸ್ ಬಂತು. ಎರಡನೇದನ್ನು ಕೇಂದ್ರಕ್ಕೆ ಆನ್‌ಲೈನಿನಲ್ಲಿ ಹಾಕಿದೆ. ಅಲ್ಲಿ 500 ಪದದವರೆಗೆ ಬರೆಯಬಹುದು, ಶುಲ್ಕ ಅದೇ ಹತ್ತು ರೂಪಾಯಿ. ಆದರೆ ನಾನು ಕೇಳಿದ್ದು ‘ಯಾಕೆ ಈ ಪ್ರಶ್ನೆ ಇಟ್ಟಿದ್ದೀರಿ’ ಅಂತ. ಯಾಕೆ, ಏನು, ಸರಿಯಾ ತಪ್ಪಾ ಅಂತ ಕೇಳಿದರೆ ಆರ್‌ಟಿಐನಲ್ಲಿ ಉತ್ತರ ಬರಲ್ಲ. ಕಡತದಲ್ಲಿ ಇರುವ ಕಾಗದ ಮಾತ್ರ ಬರುತ್ತದೆ. ಮೂರನೇ ಸಲ ಬುದ್ಧಿ ಬಂತು: ನಮೂನೆ 1ರ ಈ ಪ್ರಶ್ನೆಯನ್ನು ತಿದ್ದುವ ಬಗ್ಗೆ ಬಂದಿರುವ ಮನವಿಗಳ ಪ್ರತಿ, ಅವುಗಳ ಮೇಲಿನ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ ಅಂತ ಬರೆದೆ. 30 ದಿನದ ಗಡುವಿಗೆ ಎರಡು ದಿನ ಇರುವಾಗ ಉತ್ತರ ಬಂತು, ಒಂದೂವರೆ ಪುಟ. ಅದರಲ್ಲಿ ನನಗೆ ಬೇಕಾಗಿದ್ದು ಒಂದೇ ಒಂದು, ಈ ಕಡತ ನೋಡುವ ವಿಭಾಗದ ಹೆಸರು ಮತ್ತು ಕಡತ ಸಂಖ್ಯೆ. ಅಲ್ಲಿಂದ ಮುಂದೆ ನನ್ನ ಎಲ್ಲ ಪತ್ರದ ತಲೆಯ ಮೇಲೆ ಆ ಸಂಖ್ಯೆ ಹಾಕಿದೆ. ಸಂಖ್ಯೆ ಇಲ್ಲದ ಪತ್ರ ಕಚೇರಿಯಲ್ಲಿ ಅನಾಥ ಮಗು ಇದ್ದ ಹಾಗೆ, ಯಾರೂ ಎತ್ತಿಕೊಳ್ಳಲ್ಲ.

ಇಷ್ಟೆಲ್ಲ ಆದ ಮೇಲೆ ನರರೋಗ ತಜ್ಞರ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು. ಸಚಿವಾಲಯಕ್ಕೆ ಅಂತ ನಾನು ಬರೆದಿದ್ದ ಮನವಿ ಓದಿ ಅವರು ಕನ್ನಡಕ ತೆಗೆದಿಟ್ಟರು. “ಆ ಪ್ರಶ್ನೆ ತೆಗೆದುಹಾಕಿ ಅಂತ ಬರೆದಿದ್ದೀಯಲ್ಲಮ್ಮ. ಮೊನ್ನೆ ಫಿಟ್ಸ್ ಬಂದವನೂ ನಾಳೆ ಲಾರಿ ಓಡಿಸಬಹುದಾ ಹಾಗಾದ್ರೆ?” ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಸಿಟ್ಟಿನಲ್ಲಿ ಅದನ್ನು ಯೋಚನೆಯೇ ಮಾಡಿರಲಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಫಿಟ್ಸ್ ಬರದಿದ್ದರೆ ಕಾರಿನ ಲೈಸೆನ್ಸ್ ಕೊಡುತ್ತಾರೆ, ಲಾರಿ ಬಸ್ಸಿಗೆ ನಿಯಮ ಬಹಳ ಬಿಗಿ ಅಂತ ಹೇಳಿದರು. ಇನ್ನೊಂದು ಮಾತು ಹೇಳಿದರು: “ಲೈಸೆನ್ಸ್ ಹೋಗುತ್ತೆ ಅಂತ ಹೆದರಿ ಪೇಷಂಟುಗಳು ನನ್ನ ಹತ್ತಿರವೇ ಸುಳ್ಳು ಹೇಳ್ತಾರೆ. ಫಿಟ್ಸ್ ಬಂದರೂ ಬಂದಿಲ್ಲ ಅಂತಾರೆ. ನಾನು ಮಾತ್ರೆ ಹೇಗೆ ಜಾಸ್ತಿ ಮಾಡಲಿ?”

ಅವತ್ತು ರಾತ್ರಿ ಮನವಿಯನ್ನು ಪೂರ್ತಿ ಹರಿದು ಹೊಸದಾಗಿ ಬರೆದೆ. ‘ತೆಗೆದುಹಾಕಿ’ ಹೋಯಿತು. ಅದರ ಜಾಗದಲ್ಲಿ, ಎರಡು ವರ್ಷ ಫಿಟ್ಸ್ ಬಂದಿಲ್ಲ ಅಂತ ನರರೋಗ ತಜ್ಞರು ಪ್ರಮಾಣಪತ್ರ ಕೊಟ್ಟರೆ, ಸ್ವಂತ ವಾಹನಕ್ಕೆ ಮಾತ್ರ, ಪ್ರತಿ ವರ್ಷ ಮರುಪರೀಕ್ಷೆಯ ಷರತ್ತಿನ ಮೇಲೆ ಲೈಸೆನ್ಸ್ ಕೊಡಬಹುದು. ಈ ವಾಕ್ಯವನ್ನು ಇದೇ ನಮೂನೆಯ ಟಿಪ್ಪಣಿಯ ಕೆಳಗೆ ಸೇರಿಸಿ. ಎಲ್ಲಿ ಸೇರಿಸಬೇಕು, ಯಾವ ಪದ ಅಂತ ಬರೆದುಕೊಟ್ಟೆ. ಒಂದು ಮುಕ್ಕಾಲು ಪುಟಕ್ಕೆ ಮುಗಿಯಿತು. ಮೊದಲಿನದು ಹನ್ನೊಂದು ಪುಟ ಇತ್ತು.

ಸಂಸದರ ಕಚೇರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಖಾಸಗಿ ಮಸೂದೆ, ಅಂದರೆ ಸಚಿವರಲ್ಲದ ಸಂಸದರು ತಾವೇ ಮಂಡಿಸುವ ಮಸೂದೆ, ತನ್ನಿ ಅಂತ ಕೇಳಲು ಹೋಗಿದ್ದೆ. ಸ್ವಾತಂತ್ರ್ಯ ಬಂದಾಗಿನಿಂದ ಪಾಸಾಗಿ ಕಾನೂನಾದ ಖಾಸಗಿ ಮಸೂದೆಗಳು ಹದಿನಾಲ್ಕು, ಕೊನೆಯದು 1970ರಲ್ಲಿ. ಅದನ್ನು ತಿಳಿದುಕೊಂಡೇ ಹೋಗಿದ್ದರೆ ಆ ಮಾತೇ ಎತ್ತುತ್ತಿರಲಿಲ್ಲ. ಸಂಸದರ ಕೈಯಲ್ಲಿ ಸುಲಭವಾಗಿ ಆಗುವ ಕೆಲಸ ಅಂದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳುವುದು. ಸಚಿವರು ಲಿಖಿತ ಉತ್ತರ ಕೊಡಲೇಬೇಕು, ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಆದರೆ ಲೋಕಸಭೆಯಲ್ಲಿ ದಿನಕ್ಕೆ ಇಂಥ ಪ್ರಶ್ನೆ 230 ಮಾತ್ರ, ಅದೂ ಚೀಟಿ ಎತ್ತಿ ಆರಿಸುತ್ತಾರೆ. ನನ್ನ ಪ್ರಶ್ನೆಯ ಚೀಟಿ ಇನ್ನೂ ಬಂದಿಲ್ಲ.

ಅಲ್ಲಿದ್ದ ಸಹಾಯಕ ಹುಡುಗ ಮಾತ್ರ ಪುಣ್ಯಾತ್ಮ. ಲೋಕಸಭೆಗೆ ನೇರವಾಗಿ ಅರ್ಜಿ ಕೊಡಬಹುದು, ಅದಕ್ಕೆ ಅರ್ಜಿಗಳ ಸಮಿತಿ ಅಂತ ಹದಿನೈದು ಸದಸ್ಯರ ಸಮಿತಿ ಇದೆ ಅಂತ ಹೇಳಿಕೊಟ್ಟಿದ್ದು ಅವನೇ. ರಾಜ್ಯಸಭೆಗೂ ಬೇರೆ ಸಮಿತಿ ಇದೆ. ಕುಷ್ಠ ರೋಗಿಗಳ ವಿರುದ್ಧ ಇರುವ ಕಾನೂನುಗಳ ಬಗ್ಗೆ ರಾಜ್ಯಸಭೆಗೆ ಹೋದ ಅರ್ಜಿಯ ಮೇಲೆ 2008ರಲ್ಲಿ ವರದಿ ಬಂತು. 2015ರಲ್ಲಿ ಕಾನೂನು ಆಯೋಗ ಅದೇ ವಿಷಯದಲ್ಲಿ 256ನೇ ವರದಿ ಕೊಟ್ಟಿತು. 2019ರಲ್ಲಿ ಸಂಸತ್ತು ಐದು ಕಾಯ್ದೆ ತಿದ್ದಿ, ವಿಚ್ಛೇದನಕ್ಕೆ ಕುಷ್ಠ ಕಾರಣ ಅನ್ನುವುದನ್ನು ತೆಗೆಯಿತು. ಲೆಕ್ಕ ಹಾಕಿ, ಹನ್ನೊಂದು ವರ್ಷ. ಆರು ತಿಂಗಳಿಗೇ ಎದೆ ಒಡೆದುಕೊಂಡಿದ್ದ ನನಗೆ ಈ ಲೆಕ್ಕ ಒಳ್ಳೆಯದನ್ನೇ ಮಾಡಿತು.

ಲೋಕಸಭೆ ಅರ್ಜಿಗೆ ತನ್ನದೇ ಕಟ್ಟುಪಾಡು ಇದೆ. ಸಚಿವರಿಗಲ್ಲ, ಲೋಕಸಭೆಗೆ ಅಂತಲೇ ಬರೆಯಬೇಕು. ಹಿಂದಿ ಅಥವಾ ಇಂಗ್ಲಿಷ್‌ನಲ್ಲಿರಬೇಕು. ಕನ್ನಡದಲ್ಲಿ ಬರೆದರೆ ಜೊತೆಗೆ ಅನುವಾದ ಇಟ್ಟು ಅದಕ್ಕೂ ಸಹಿ ಹಾಕಬೇಕು. ನಾನು ಕನ್ನಡದಲ್ಲೇ ಬರೆದೆ, ತಮ್ಮ ಇಂಗ್ಲಿಷ್ ಮಾಡಿಕೊಟ್ಟ. ಕೊನೆಯಲ್ಲಿ ನಿಮಗೇನು ಬೇಕು ಅನ್ನುವ ಪ್ರಾರ್ಥನೆ ಇರಲೇಬೇಕು. ಕೋರ್ಟಿನಲ್ಲಿ ನಡೆಯುತ್ತಿರುವ ವಿಷಯ ಆಗಿರಬಾರದು. ನನಗೆ ಗೊತ್ತೇ ಇರದಿದ್ದ ಸಂಗತಿ ಅಂದರೆ, ಪತ್ರ, ಪ್ರಮಾಣಪತ್ರ, ಬೇರೆ ದಾಖಲೆ ಯಾವುದನ್ನೂ ಅರ್ಜಿಗೆ ಲಗತ್ತಿಸುವ ಹಾಗಿಲ್ಲ. ನಾನು ನಲವತ್ತು ಪುಟ ಸ್ಪೈರಲ್ ಬೈಂಡ್ ಮಾಡಿಸಿಕೊಂಡು ಹೋಗಿದ್ದೆ. ಆ ಹುಡುಗ ನಕ್ಕು, ಮೇಲಿನ ಎರಡು ಹಾಳೆ ಬಿಚ್ಚಿ, ಉಳಿದದ್ದು ನನ್ನ ಕೈಗೇ ಕೊಟ್ಟ. ಆ ಕಟ್ಟು ಈಗಲೂ ಅಟ್ಟದ ಮೇಲಿದೆ.

ಸಹಿ ಒಬ್ಬರದಿದ್ದರೂ ಸಾಕು. ಆದರೂ ಜಾಸ್ತಿ ಸಹಿ ಇರಲಿ ಅಂತ ಊರಲ್ಲಿ ಓಡಾಡಲು ಹೊರಟೆ. ಹೊಸಿಲು ದಾಟುವಾಗ ಗೊತ್ತಾಯಿತು, ಸಹಿ ಕೇಳಬೇಕು ಅಂದರೆ ಪ್ರತಿ ಮನೆಯಲ್ಲೂ ‘ನನಗೆ ಫಿಟ್ಸ್ ಇತ್ತು’ ಅಂತ ಹೇಳಬೇಕು. ಮೊದಲ ದಿನ ಮೂರು ಮನೆಗೆ ಸಾಕಾಗಿ ವಾಪಸ್ ಬಂದೆ. ಒಬ್ಬರು ಸಹಿ ಹಾಕಿ, ಪೆನ್ನನ್ನು ನನ್ನ ಕೈಗೆ ಕೊಡದೆ ಟೀಪಾಯಿ ಮೇಲಿಟ್ಟರು. ಅಂಟುರೋಗ ಅಂದುಕೊಂಡಿದ್ದರೇನೋ. ಎರಡನೇ ದಿನ ಒಬ್ಬ ಆಟೋದವರು ನಿಲ್ಲಿಸಿ, ಪಕ್ಕಕ್ಕೆ ಕರೆದು, “ಅಕ್ಕ, ನನ್ನ ಮಗಳಿಗೂ ಇದೆ, ಯಾರಿಗೂ ಹೇಳಿಲ್ಲ” ಅಂದರು. ಸಹಿ ಹಾಕಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಒಟ್ಟು 61 ಸಹಿ. ಅಮ್ಮನ ಹತ್ತಿರ ಕೇಳಿರಲೇ ಇಲ್ಲ. ಲಕೋಟೆ ಅಂಟಿಸುವ ಹಿಂದಿನ ರಾತ್ರಿ ಅವರೇ ಬಂದು ಹಾಳೆ ಎತ್ತಿಕೊಂಡರು. ಹೆಸರುಗಳ ಮೇಲೆ ಬೆರಳಿಟ್ಟು ಒಂದೊಂದೇ ಓದಿದರು. “ಇವಳೂ ಹಾಕಿದ್ದಾಳಾ?” ಅಂತ ಒಂದು ಕಡೆ ಕೇಳಿದರು. ಆಮೇಲೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, ಬ್ಯಾಂಕಿನಲ್ಲಿ ಹಾಕುವ ಹಾಗೆ ಇನಿಷಿಯಲ್ ಸಮೇತ ನಿಧಾನಕ್ಕೆ ಬರೆದರು. 62.

ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹೋಗೋಣ ಅಂತ ಒಬ್ಬ ವಕೀಲರನ್ನು ನೋಡಿದೆ. ಅವರು ಪ್ರಾಮಾಣಿಕವಾಗಿ ಹೇಳಿದ್ದು ಇಷ್ಟು: ಸಂವಿಧಾನಕ್ಕೆ ವಿರುದ್ಧ ಇರುವ ಸಾಲನ್ನು ಕೋರ್ಟು ರದ್ದು ಮಾಡಬಹುದು, ಹೊಸ ಕಾನೂನು ಬರೆಯಿರಿ ಅಂತ ಶಾಸಕಾಂಗಕ್ಕೆ ಹೇಳಲು ಆಗಲ್ಲ. ಮತ್ತೆ, ‘ಸರ್ಕಾರಕ್ಕೆ ಮನವಿ ಕೊಟ್ಟಿದ್ದೀರಾ?’ ಅಂತಲೇ ಮೊದಲು ಕೇಳುತ್ತಾರೆ. ಹಾಗಾಗಿ ಮನವಿ, ನೆನಪೋಲೆ, ಸ್ಪೀಡ್ ಪೋಸ್ಟ್ ರಸೀದಿ, ಯಾವುದನ್ನೂ ಎಸೆಯಬೇಡಿ. ನನಗೆ ತಡವಾಗಿ ಗೊತ್ತಾದ ಇನ್ನೊಂದು ವಿಷಯ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. ವಕೀಲರಿಗೆ ಕೊಟ್ಟ ಸಾವಿರದ ಐನೂರು ಉಳಿಯುತ್ತಿತ್ತು.

ಎಲ್ಲಕ್ಕಿಂತ ಸಲೀಸಾದ ಬಾಗಿಲು ಕೊನೆಗೆ ಕಂಡಿತು. ಮೋಟಾರು ವಾಹನ ನಿಯಮಗಳನ್ನು ತಿದ್ದುವ ಮೊದಲು ಕರಡನ್ನು ಗೆಜೆಟ್‌ನಲ್ಲಿ ಪ್ರಕಟಿಸಲೇಬೇಕು ಅಂತ ಕಾಯ್ದೆಯ 212ನೇ ಸೆಕ್ಷನ್ ಹೇಳುತ್ತದೆ. ಆಕ್ಷೇಪಣೆ, ಸಲಹೆ ಎಲ್ಲಿಗೆ, ಎಷ್ಟು ದಿನದ ಒಳಗೆ ಕಳಿಸಬೇಕು ಅಂತ ಆ ಕರಡಿನಲ್ಲೇ ಇರುತ್ತದೆ. ಆಗ ಅಧಿಕಾರಿಗಳ ಮೇಜಿನ ಮೇಲೆ ಆ ನಿಯಮದ ಕಡತ ತೆರೆದೇ ಇರುತ್ತದೆ, ನಿಮ್ಮ ಒಂದು ಪುಟ ಸರಿಯಾದ ಜಾಗಕ್ಕೆ ಬೀಳುತ್ತದೆ. ಇ-ಗೆಜೆಟ್ ಜಾಲತಾಣವನ್ನು ಈಗ ವಾರಕ್ಕೊಂದು ಸಲ, ಭಾನುವಾರ ಬೆಳಿಗ್ಗೆ ಕಾಫಿ ಜೊತೆ ನೋಡುತ್ತೇನೆ.

ಖರ್ಚು ಬರೆದಿಟ್ಟಿದ್ದೆ. ಆರ್‌ಟಿಐ ಶುಲ್ಕ 30 ರೂಪಾಯಿ, ಜೆರಾಕ್ಸ್ ಮತ್ತು ಬೈಂಡಿಂಗ್ 640, ಅಂಚೆ 410, ಡಾಕ್ಟರ ಫೀಸು ಎರಡು ಸಲಕ್ಕೆ 1,400, ವಕೀಲರಿಗೆ 1,500, ಓಡಾಟ ಮತ್ತು ಮಧ್ಯಾಹ್ನದ ಊಟ ಸುಮಾರು 2,000. ಎಲ್ಲ ಸೇರಿ ಆರು ಸಾವಿರದ ಹತ್ತಿರ. ಹತ್ತೊಂಬತ್ತು ದಿನ ರಜೆ ಹಾಕಿದ್ದೇನೆ, ಅದರಲ್ಲಿ ಏಳು ಸಂಬಳ ಇಲ್ಲದ್ದು. ರಜೆಯೇ ದುಬಾರಿ.

ಸಚಿವಾಲಯಕ್ಕೆ ಕಳಿಸಿದ್ದ ಮನವಿಗೆ ಬಂದಿರುವ ಉತ್ತರ ಎರಡು ಸಾಲು. ‘ತಮ್ಮ ಸಲಹೆಯನ್ನು ಗಮನಿಸಲಾಗಿದೆ, ಪರಿಶೀಲನೆಯಲ್ಲಿದೆ.’ ಬಂದ ದಿನ ಬೇಜಾರಾಗಿತ್ತು. ಆಮೇಲೆ ಮೇಲಿನ ಮೂಲೆ ನೋಡಿದೆ. ನಾನು ಹಾಕಿದ್ದ ಕಡತ ಸಂಖ್ಯೆಯನ್ನೇ ಅವರೂ ಹಾಕಿದ್ದರು, ಪಕ್ಕದಲ್ಲಿ ಹೊಸದಾಗಿ ಒಂದು ಓರೆಗೆರೆ ಎಳೆದು ‘2’ ಅಂತ. ಅಂದರೆ ನನ್ನ ಹಾಳೆ ಆ ಕಡತದ ಒಳಗೆ ಎಲ್ಲೋ ಸೇರಿಕೊಂಡಿದೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ನೆನಪೋಲೆಯ ತಾರೀಖಿಗೆ ನಾನು ಸುತ್ತು ಹಾಕಿದ್ದೆ. ನಿನ್ನೆ ನೋಡಿದರೆ ಅದರ ಕೆಳಗೆ ಅಮ್ಮನ ಅಕ್ಷರದಲ್ಲಿ ಹೀಗಿತ್ತು: ‘ದೆಹಲಿ ಕಾಗದ. ಗ್ಯಾಸ್ ಬುಕ್ ಮಾಡುವುದು.’